ಒಂದು ‘ಹುಳು’ ಬಿಟ್ಟುಹೋದ ಮಳೆಗಾಲ

“ಮಣಿಸರಹೊಟ್ಟೆಯ ಕುಟುಂಬಕ್ಕೆ ಸೇರಿದ ನಾಡ ಎರೆಹುಳುಗಳು ಚಿತ್ರದುರ್ಗದ ಸೀಮೆಯಲ್ಲಿ ಹಿರಿಯೂರಿನ ಕಪ್ಪು ಭೂಮಿಗೆ ಮಾತ್ರ ಸೀಮಿತವಾಗಿವೆ. ಹೊಸದುರ್ಗ, ಹೊಳಲ್ಕೆರೆಗಳ ಕೆಂಪು ನೆಲದಲ್ಲಿ ಅವು ಇಲ್ಲ.”

ಎರೆಗೊಬ್ಬರದ ತರಬೇತಿಗಳಲ್ಲಿ ಹಂಚುವ ಕಿರುಹೊತ್ತಗೆಯೊಂದರಲ್ಲಿ ಈ ಎರಡು ವಾಕ್ಯಗಳಿವೆ. ಭಾಷಣ ಮಾಡುವವರು ಇವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಕೇಳಿದ ರೈತರು ತಮ್ಮ ಹೊಲದ ಕಡೆ ತಿರುಗಿಯೂ ನೋಡದೆ ಹೊರಗಿನ ಹುಳುವನ್ನು ಬುಟ್ಟಿಯಲ್ಲಿ ತುಂಬಿಸಿಕೊಂಡು ಬರುತ್ತಾರೆ. ನಾನು ಈ ವಾಕ್ಯಗಳನ್ನು ಒಪ್ಪುವುದಿಲ್ಲ. ಒಪ್ಪುವುದಿಲ್ಲ ಎನ್ನಲು ಬೇಕಾದ ಪದವಿ ನನ್ನಲ್ಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೆ ಈ ವಾಕ್ಯಗಳು ಹುಟ್ಟಿದ ಕೋಣೆಯಲ್ಲಿ ನಾನಿದ್ದೆ. ಹುಟ್ಟಿಸಿದವರಲ್ಲಿ ಒಬ್ಬನಾಗಿದ್ದೆ ಎಂದರೆ ಇನ್ನೂ ಸರಿ.

ಕಳೆದ ಆಷಾಢದಲ್ಲಿ, ಹೊಳಲ್ಕೆರೆಯ ನಮ್ಮ ಹಳೆಯ ಮುದ್ರಣಾಲಯದ ಕಟ್ಟಡವನ್ನು ಕೊಂಡವರು ಹೇಳಿಕಳುಹಿಸಿದರು: ಒಳಗಿನ ಅಚ್ಚುಮೊಳೆಗಳ ಪೆಟ್ಟಿಗೆಗಳು ಬೇಕಾದರೆ ಒಯ್ಯಬಹುದು, ಬೇಡವಾದರೆ ಗುಜರಿಗೆ ಹೋಗುತ್ತವೆ. ಬಹಳ ವರ್ಷಗಳ ಮೇಲೆ ಆ ಹೊಸ್ತಿಲು ದಾಟಿದೆ. ಶಾಯಿಯ ವಾಸನೆ ಗೋಡೆಯನ್ನು ಬಿಟ್ಟು ಹೋಗಿತ್ತು. ಮೊಳೆಗಳ ಸೀಸ ತಣ್ಣಗೆ ಧೂಳು ಹೊದ್ದುಕೊಂಡಿತ್ತು. ಎಲ್ಲಕ್ಕಿಂತ ಕೆಳಗಿನ ಖಾನೆ ಹಿಡಿದೆಳೆದಾಗ ಮೂಗಿನ ಬುಡಕ್ಕೆ ಚುಚ್ಚುವಂಥ ಘಾಟು ಎದ್ದಿತು, ಕಣ್ಣಲ್ಲಿ ನೀರು ಬಂತು. ಅದು ಫಾರ್ಮಲಿನ್. ಸತ್ತ ಜೀವಿಗಳು ಕೆಡದಂತೆ ಇಡುವ ಆ ದ್ರವದ ಗಾಜಿನ ಭರಣಿಯೊಂದರ ಬಿರಡೆ ಒಣಗಿ ಬಿರುಕು ಬಿಟ್ಟಿತ್ತು. ಭರಣಿಯೊಳಗೆ ಎರಡು ಹುಳುಗಳು. ಪಕ್ಕದಲ್ಲಿ ಸೆಣಬಿನ ದಾರ ಬಿಗಿದ ಅಂಚೆ ಕಾರ್ಡುಗಳ ಕಟ್ಟು. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಎಪ್ಪತ್ತರ ದಶಕದ ನಡುವಿನ ಆ ಒಂದು ಮಳೆಗಾಲ ಆ ಖಾನೆಯಲ್ಲಿ ಹಾಗೆಯೇ ಮಡಿಸಿ ಇಟ್ಟಂತಿತ್ತು.

ಆಗ ನಾನು ಆ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನು. ಲಗ್ನಪತ್ರಿಕೆ, ಹಳ್ಳಿಯ ನಾಟಕಗಳ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಏನೇ ಬಂದರೂ ಅಕ್ಷರ ಅಕ್ಷರವಾಗಿ ನನ್ನ ಬೆರಳಿನಿಂದ ದಾಟಿ ಹೋಗಬೇಕು. ಹಾಗೆ ದಾಟಿಸುತ್ತಲೇ ನಾನು ಓದು ಕಲಿತದ್ದು. ಮನೆಯಲ್ಲಿ ಒಂದು ಹಳೆಯ ನಿಘಂಟನ್ನು ಇಟ್ಟುಕೊಂಡು ದಿನಕ್ಕೊಂದು ಪುಟ ಓದುತ್ತಿದ್ದೆ. ಇತರರು ಬರೆದದ್ದರಲ್ಲಿ ತಪ್ಪು ಹುಡುಕಿ ತಿದ್ದುವ ಚಪಲ ಹೀಗೆ ಹತ್ತಿತು. ಹೆಡ್‌ಮಾಸ್ತರರ ಪ್ರಶ್ನೆಪತ್ರಿಕೆಯನ್ನೂ ಕೇಳದೆ ತಿದ್ದುತ್ತಿದ್ದೆ. ಯಜಮಾನರು “ಲೇ ತಿಪ್ಪೇಶಿ, ನೀನು ಮೊಳೆ ಜೋಡ್ಸು, ಜಗತ್ತು ತಿದ್ದಬ್ಯಾಡ” ಎಂದು ಗೊಣಗುತ್ತಿದ್ದರೂ ಒಳಗೊಳಗೇ ಹೆಮ್ಮೆಪಡುತ್ತಿದ್ದರು.

ಆಷಾಢದಲ್ಲಿ ಮದುವೆಗಳಿಲ್ಲ, ಹಾಗಾಗಿ ಮುದ್ರಣಾಲಯಕ್ಕೂ ಕೆಲಸವಿಲ್ಲ. ಅಂಥ ಒಂದು ಮಧ್ಯಾಹ್ನ ಜನಾರ್ದನ ರಾಯರು ಒದ್ದೆ ಕೊಡೆ ಮಡಿಸುತ್ತ ಒಳಗೆ ಬಂದರು. ಕುಂದಾಪುರದ ಕಡೆಯವರು, ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ರಜೆ ಪಡೆದು, ಎರೆಹುಳುಗಳ ಒಂದು ಕುಟುಂಬ ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿ ಹರಡಿದೆ ಎಂದು ಹುಡುಕಲು ಬಂದಿದ್ದರು. ಇದ್ದದ್ದು ಒಂದು ಮಳೆಗಾಲ, ಒಬ್ಬ ಮನುಷ್ಯ; ಮೂರು ತಾಲ್ಲೂಕುಗಳ ಪ್ರತಿ ಊರಿನಲ್ಲೂ ಅಗೆಯುವುದು ಆಗದ ಮಾತು. ಆದ್ದರಿಂದ ಮೊದಲು ಊರೂರಿನ ಶಾಲೆಗೆ ಜವಾಬು ಕಾರ್ಡು ಕಳುಹಿಸಿ, ಹುಳು ಇದೆ ಎಂದು ಉತ್ತರ ಬಂದ ಊರಿಗೆ ಮಾತ್ರ ಹೋಗಿ ಅಗೆದು ನೋಡುವುದು ಅವರ ಯೋಜನೆ. ಕಾರ್ಡು ಅಚ್ಚು ಹಾಕಿಸಲು ಬಂದಿದ್ದರು.

ಅವರು ಕೊಟ್ಟ ಕರಡಿನಲ್ಲಿ “ನಿಮ್ಮ ಊರಿನ ಹೊಲಗಳಲ್ಲಿ ಎರೆಹುಳು ಉಂಟೇ?” ಎಂದಿತ್ತು. ನಾನು ತಿದ್ದಿದೆ. ಮೇಲೆ ‘ಭೂಜೀವಿ ಸಮೀಕ್ಷೆ’ ಎಂಬ ತಲೆಬರಹ ಹಾಕಿದೆ. ಕೆಳಗೆ “ತಮ್ಮ ಗ್ರಾಮದ ಹೊಲಗಳಲ್ಲಿ ಎರೆ ಇದೆಯೆ?” ಎಂದು ಜೋಡಿಸಿ, ಉತ್ತರಕ್ಕೆ ಒಂದು ಚೌಕ ಬಿಟ್ಟು, ಅದರ ಕೆಳಗೆ ‘ವಿವರ’ ಎಂದು ನಾಲ್ಕು ಗೆರೆ ಎಳೆದು ಕರಡಚ್ಚು ತೋರಿಸಿದೆ.

ರಾಯರು ಕನ್ನಡಕ ಮೇಲೆತ್ತಿ ನೋಡಿದರು. “ಇದ್ರಲ್ಲಿ ಹುಳು ಎಲ್ಲಿ ಹೋಯ್ತು ಮಾರಾಯ್ರೆ?”

“ಎರೆ ಅಂದ್ರೇ ಹುಳ ಸಾರ್. ಎರೆಹುಳು ಅನ್ನೋದು ಗೇಟುಬಾಗ್ಲು ಅಂದಂಗೆ. ನಿಘಂಟು ತರ್ಲಾ?”

“ಬೇಡ, ಬೇಡ. ನಮ್ಮಲ್ಲಿ ಗಾಳಕ್ಕೆ ಸಿಕ್ಸುದಕ್ಕೂ ಎರೆ ಅಂತ್ಲೇ ಹೇಳುದು. ನಿಮ್ಮ ಊರು, ನಿಮ್ಮ ಭಾಷೆ. ನಿಮಗೆ ಗೊತ್ತುಂಟಲ್ಲ, ಸಾಕು.”

ನನಗೆ ಗೊತ್ತಿತ್ತು, ನಿಜ. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾವ ಮಗುವಿಗೂ ಗೊತ್ತಿರುತ್ತದೆ: ಎರೆ ಎಂದರೆ ಮೊದಲು ನೆಲ, ಕಪ್ಪು ನೆಲ, ಮಳೆಗೆ ಕಾಲಿಗೆ ಅಂಟಿ ಬೇಸಗೆಗೆ ಬಾಯಿ ಬಿಡುವ ನೆಲ. ಕೆಂಪು ನೆಲ ಮಸಾರಿ. ‘ಹೊಲದಲ್ಲಿ ಎರೆ ಇದೆಯೆ’ ಎಂದು ಕೇಳಿದರೆ ನಮ್ಮ ರೈತನ ಕಣ್ಣಿಗೆ ಹುಳು ಕಾಣುವುದಿಲ್ಲ, ಮಣ್ಣು ಕಾಣುತ್ತದೆ. ಅದೂ ಭೂಸುಧಾರಣೆಯ ಕಾಲ. ಮೇಲೆ ‘ಭೂ’ ಎಂದು ಕಂಡರೆ ಸಾಕು, ಇದು ನೆಲದ ಲೆಕ್ಕ ಎಂದೇ ಊರು ತಿಳಿಯುತ್ತಿತ್ತು. ಇದೆಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಆ ಗಳಿಗೆ ನಾನು ನಿಘಂಟಿನಲ್ಲಿದ್ದೆ, ಹೊಲದಲ್ಲಿರಲಿಲ್ಲ. ‘ಳು’ ಮೊಳೆ ಕಡಿಮೆಯಿತ್ತು, ಆದ್ದರಿಂದ ಪದ ಮೊಟಕು ಮಾಡಿದೆ ಎಂದು ನಾನು ಎಷ್ಟೋ ವರ್ಷ ಜನರಿಗೆ ಹೇಳಿದ್ದೇನೆ. ಅದು ಸುಳ್ಳು. ಒಂದು ಕಾರ್ಡಿನ ಅಚ್ಚಿಗೆ ಬೇಕಾದದ್ದು ಒಂದೇ ಒಂದು ‘ಳು’.

ಶ್ರಾವಣದ ಜಿಟಿಜಿಟಿಯಲ್ಲಿ ಕಾರ್ಡುಗಳು ಮರಳಿ ಬರತೊಡಗಿದವು. ರಾಯರು ನನ್ನನ್ನೇ ಸಹಾಯಕ್ಕೆ ಇಟ್ಟುಕೊಂಡಿದ್ದರು. ಕಾರ್ಡು ತೆಗೆಯುವುದು, ಚೌಕದಲ್ಲಿ ‘ಇದೆ’ ಎಂದಿದೆಯೋ ‘ಇಲ್ಲ’ ಎಂದಿದೆಯೋ ನೋಡುವುದು, ಕೆಂಪು ಪೆನ್ಸಿಲಿನಿಂದ ಅದಕ್ಕೊಂದು ಸುತ್ತು ಹಾಕುವುದು, ದಪ್ಪ ಪಟ್ಟಿಪುಸ್ತಕದಲ್ಲಿ ಊರಿನ ಹೆಸರಿನ ಮುಂದೆ ಬರೆಯುವುದು, ಇಷ್ಟು ನನ್ನ ಕೆಲಸ. ಕೆಳಗಿನ ‘ವಿವರ’ವನ್ನು ಮೊದಲ ದಿನ ಓದಿದೆ. ಒಬ್ಬರು ಶಾಲೆಯ ಹೆಂಚು ಸೋರುತ್ತದೆ ಎಂದು ಬರೆದಿದ್ದರು, ಇನ್ನೊಬ್ಬರು ಊರಿಗೆ ಬಸ್ಸು ಬಿಡಿಸಿಕೊಡಿ ಎಂದು. ಎರಡನೆಯ ದಿನದಿಂದ ವಿವರ ಓದುವುದನ್ನು ಬಿಟ್ಟೆ.

ಪಟ್ಟಿ ತುಂಬಿದ ಮೇಲೆ ರಾಯರು ನಕ್ಷೆಗೆ ಬಣ್ಣ ಹಚ್ಚಿದರು. ಹಿರಿಯೂರಿನ ಕಡೆ ನೀಲಿ ಗಟ್ಟಿಯಾಗಿ ನಿಂತಿತು. ಹೊಸದುರ್ಗ, ಹೊಳಲ್ಕೆರೆಗಳ ಕಡೆ ಅಲ್ಲೊಂದು ಇಲ್ಲೊಂದು ಚುಕ್ಕೆ, ಉಳಿದದ್ದು ಬಿಳಿ. ಅವರು ಮಣ್ಣಿನ ನಕ್ಷೆಯನ್ನು ತಂದು ಪಕ್ಕಕ್ಕಿಟ್ಟರು. ಎರಡೂ ಒಂದರ ಮೇಲೊಂದು ಕೂತವು.

“ನೋಡಿ ಮಾರಾಯ್ರೆ, ಹುಳು ಮಣ್ಣಿನ ಗೆರೆ ಹಿಡಿದೇ ಹೋಗಿದೆ! ಇಷ್ಟು ಚೊಕ್ಕ ನಾನು ಎಲ್ಲೂ ನೋಡ್ಲಿಲ್ಲ” ಎಂದು ಅವರು ಎದ್ದುನಿಂತರು. ನಾನೂ ಎದ್ದುನಿಂತೆ. ಮಣ್ಣನ್ನು ಕೇಳಿದ ಪ್ರಶ್ನೆಗೆ ಮಣ್ಣಿನ ಉತ್ತರ ಬಂದಿತ್ತು, ಚೊಕ್ಕವಾಗಿರದೆ ಇನ್ನೇನು? ಅಂದಿನಿಂದ, ಯಾವುದಾದರೂ ಲೆಕ್ಕ ತೀರ ಚೊಕ್ಕವಾಗಿ ಕಂಡರೆ ನನಗೆ ಅನುಮಾನ ಹುಟ್ಟುತ್ತದೆ.

ಭಾದ್ರಪದದಲ್ಲೂ ಲಗ್ನಗಳಿಲ್ಲದ್ದರಿಂದ ಯಜಮಾನರು ನನ್ನನ್ನು ಬಿಟ್ಟುಕೊಟ್ಟರು. ಎರಡು ಸೈಕಲ್ಲು, ಒಂದು ಸಲಿಕೆ, ಒಂದು ಪೆಟ್ಟಿಗೆ ಭರಣಿ. ಹಿರಿಯೂರಿನಲ್ಲಿ ಕೋಣೆ ಹಿಡಿದು ಬೆಳಗಿನ ಹೊತ್ತು ಹೊರಡುತ್ತಿದ್ದೆವು. ಹುಬ್ಬೆ ಮಳೆ ಆ ವರ್ಷ ಬಿಟ್ಟು ಬಿಟ್ಟು ಹೊಡೆಯಿತು. ಎರೆ ನೆಲದ ಮೇಲೆ ಒಂದು ಹದ ಮಳೆ ಬಿದ್ದರೆ ಸೈಕಲ್ಲು ನಮ್ಮ ಮೇಲೆ ಕೂರುತ್ತದೆಯೇ ಹೊರತು ನಾವು ಅದರ ಮೇಲಲ್ಲ. ಗಾಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆತ್ತುತ್ತ, ಹೆಗಲ ಮೇಲೆ ಸೈಕಲ್ಲು ಹೊತ್ತು ಆದಿವಾಲಕ್ಕೆ ಹೋದದ್ದು ಇನ್ನೂ ಭುಜದಲ್ಲಿದೆ.

ಆದಿವಾಲದಲ್ಲಿ ಕಬ್ಬಿನ ಗದ್ದೆಯ ಬದುವಿನ ಮೇಲೆ ರಾಯರು ಮಂಡಿಯೂರಿ ಅಗೆಯುತ್ತಿದ್ದರು. ಗದ್ದೆಯ ಒಡೆಯ ರಂಗಪ್ಪ ಟವೆಲು ತಲೆಗೆ ಸುತ್ತಿಕೊಂಡು ಬಂದ. “ಏನಪ್ಪ, ಮೀನಿಗಾ?”

“ಇಲ್ಲ, ಓದಾಕೆ” ಎಂದೆ.

“ಹುಳದಾಗೆ ಓದೋದು ಏನೈತೆ?”

ರಾಯರು ತಲೆ ಎತ್ತದೆ ಹೇಳಿದರು: “ಇದು ಯಾವ ಕುಟುಂಬ ಅಂತ ನೋಡ್ತಾ ಇದ್ದೇವೆ.”

ಕುಟುಂಬ ಎಂಬ ಮಾತು ಕೇಳಿದ್ದೇ ರಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಊರೂರಿಗೆ ಕುಟುಂಬ ಯೋಜನೆಯವರು ಬರುತ್ತಿದ್ದ ದಿನಗಳವು. “ಹುಳಕ್ಕೂ ಬಂತಾ ಆಪರೇಷನ್ನು? ಅಯ್ಯೋ, ಅವಾದ್ರೂ ನೆಮ್ಮದಿಯಾಗಿರ್ಲಿ ಬಿಡ್ರಿ ಸ್ವಾಮಿ!” ಎಂದು ಅವನು ಕೂಗಿದ್ದಕ್ಕೆ ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ರಾಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರೂ ನಕ್ಕರು.

ಆ ಬದುವಿನ ಮೇಲೆ ನನಗೆ ಮೊದಲ ಪಾಠವಾಯಿತು. ಅಂಗೈ ಮೇಲೆ ಹುಳು ಇಟ್ಟುಕೊಂಡು ರಾಯರು ತೋರಿಸಿದರು. ಸಾಮಾನ್ಯ ಎರೆಹುಳು ಬಲಿತಾಗ ಮೈಮೇಲೆ ದಪ್ಪನೆಯ ಪಟ್ಟಿಯೊಂದು ಉಬ್ಬುತ್ತದೆ, ಎತ್ತಿನ ಕೊರಳಿಗೆ ಬಟ್ಟೆ ಸುತ್ತಿದ ಹಾಗೆ. ಈ ಕುಟುಂಬದ್ದಕ್ಕೆ ಆ ಪಟ್ಟಿ ತೀರ ತೆಳು, ಕಂಡೂ ಕಾಣದ ಹಾಗೆ. ಬೆನ್ನಿನ ಮೇಲೆ ರಂಧ್ರಗಳಿಲ್ಲ. ಹೊಟ್ಟೆಯೊಳಗೆ ಮಣ್ಣು ಅರೆಯುವ ಗುಂಡುಗಳು ಒಂದಲ್ಲ, ಹಲವು, ಒಂದರ ಹಿಂದೊಂದು ಪೋಣಿಸಿದ ಮಣಿಗಳಂತೆ. ಅದಕ್ಕೇ ಶಾಸ್ತ್ರದಲ್ಲಿ ಇದಕ್ಕೆ ಮೊನಿಲಿಗ್ಯಾಸ್ಟ್ರಿಡೇ ಎಂದು ಹೆಸರು. ಅದನ್ನು ‘ಮಣಿಸರಹೊಟ್ಟೆ’ ಎಂದು ಕನ್ನಡಕ್ಕೆ ತಂದವನು ನಾನೇ. ಕಿರುಹೊತ್ತಗೆಯವರು ಆ ಪದವನ್ನೂ ಎತ್ತಿಕೊಂಡಿದ್ದಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಕುಟುಂಬದ ಒಂದು ದೊಡ್ಡ ಕುಲದ ಹೆಸರೇ ‘ದ್ರಾವಿಡ’ ಎಂದು ತಿಳಿದ ದಿನ ನಾನು ಹಿಗ್ಗಿಹೋದೆ.

“ಇದರ ನೆಂಟರು ಬರ್ಮಾದಲ್ಲಿದ್ದಾರೆ, ಚೀನಾದಲ್ಲಿದ್ದಾರೆ, ಜಪಾನಿನಲ್ಲಿದ್ದಾರೆ” ಎಂದರು ರಾಯರು. “ಹುಳು ಈಜಿ ಹೋಗ್ಲಿಕ್ಕಿಲ್ಲ, ಉಪ್ಪುನೀರು ತಾಗಿದ್ರೆ ಸತ್ತುಹೋಗ್ತದೆ. ಹಾಗಾದ್ರೆ ಹೋದದ್ದು ಹೇಗೆ? ನೆಲದೊಳಗೇ ತೆವಳಿ, ತಲೆಮಾರು ತಲೆಮಾರು. ಎಲ್ಲಿ ಹುಳು ಉಂಟೋ ಅಲ್ಲಿಯವರೆಗೆ ನೆಲ ಒಂದಾಗಿತ್ತು ಅಂತ ಅರ್ಥ. ಅದಕ್ಕೇ ಇಲ್ಲಿ ಉಂಟು, ಇಲ್ಲಿ ಇಲ್ಲ ಅಂತ ಬರೆಯುವಾಗ ಕೈ ನಡುಗ್ಬೇಕು ಮಾರಾಯ್ರೆ. ‘ಉಂಟು’ ಅನ್ಲಿಕ್ಕೆ ಒಂದು ಹುಳು ಸಾಕು. ‘ಇಲ್ಲ’ ಅನ್ಲಿಕ್ಕೆ ಒಂದು ಆಯುಷ್ಯ ಸಾಲ್ದು.”

ಅಷ್ಟು ಹೇಳಿದವರು ಬಿಳಿ ಬಿಟ್ಟ ಅರ್ಧ ನಕ್ಷೆಯನ್ನು ಏಕೆ ನಂಬಿದರು? ನನ್ನ ಪಟ್ಟಿಯ ಮೇಲಿನ ವಿಶ್ವಾಸದಿಂದ. ನನ್ನ ಅಕ್ಷರ ದುಂಡಗಿತ್ತು.

ಹಸ್ತೆ ಮಳೆ ಕೂಡುವ ಹೊತ್ತಿಗೆ ರಾಯರಿಗೆ ಜ್ವರ ಹಿಡಿಯಿತು, ರಜೆಯೂ ತೀರುತ್ತ ಬಂದಿತ್ತು. ಹಿರಿಯೂರಿನ ಕೆಲಸ ಮುಗಿಸಿ ಹೊಸದುರ್ಗದ ಕಡೆಗೆ ಹೊರಟವರು ಬಸ್ಸು ಬದಲಿಸಲು ಮಾಡದಕೆರೆಯಲ್ಲಿ ಇಳಿದು ಚಹಾಕ್ಕೆ ಹೊರಟೆವು. ಹೋಟೆಲಿನ ಮುಂದೆ, ಕಂಬಳಿ ಕೊಪ್ಪೆ ಹಾಕಿಕೊಂಡ ಹೆಂಗಸೊಬ್ಬಳು ಕೋಲೂರಿ ನಿಂತಿದ್ದಳು. ನಲವತ್ತರ ಹತ್ತಿರದ ವಯಸ್ಸು. ಕುರಿಯವರ ಮನೆಯವಳೆಂದು ನೋಡಿದರೇ ತಿಳಿಯುತ್ತಿತ್ತು. ಹೆಸರು ಈರಕ್ಕ ಎಂದು ಹೋಟೆಲಿನವನು ಹೇಳಿದ.

“ಹುಳ ಹುಡುಕೋ ಮೇಷ್ಟ್ರು ನೀವೇನಾ? ದಾರಿ ಕಾದು ಕಾದು ಸಾಕಾತು. ಕುಂತ್ಕಳ್ರಿ, ಚಾ ಕುಡೀರಿ, ಆಮೇಲೆ ನನ್ ಜತಿಗೆ ಬರ್ರಿ.”

“ಎಲ್ಲಿಗಕ್ಕ?”

“ಹುಳ ತೋರಿಸ್ತೀನಿ. ಒಂದೇ ಮೈಲಿ. ಹೋದ ಬ್ಯಾಸಗೆ ನನ್ ಮಂದೆ ನಿಂತ ಹೊಲ.”

ಬೇಸಗೆಯಲ್ಲಿ ರೈತರ ಖಾಲಿ ಹೊಲದಲ್ಲಿ ಕುರಿಗಳನ್ನು ತರುಬಿ ಮಲಗಿಸುವುದು ನಮ್ಮ ಕಡೆ ಹಳೆಯ ಪದ್ಧತಿ. ಕುರಿಯ ಹಿಕ್ಕೆ, ಗಂಜಳ ಹೊಲಕ್ಕೆ ಗೊಬ್ಬರ. ಬದಲಿಗೆ ಹೊಲದವರು ಕುರಿಯವರಿಗೆ ಕಾಳು ಅಳೆಯುತ್ತಾರೆ. ಈರಕ್ಕನ ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಈಗ ಚೀಲದ ಗೊಬ್ಬರ ಮಾರುವ ಒಬ್ಬ ಅಂಗಡಿಯವನು ಊರಲ್ಲಿ ಬೇರೆ ಮಾತು ಹಬ್ಬಿಸಿದ್ದ.

“ಕೆಂಪು ನೆಲದಾಗೆ ಹುಳನೇ ಇಲ್ಲ, ಹುಳ ಇಲ್ದ ನೆಲಕ್ಕೆ ಹಿಕ್ಕೆ ಹಾಕಿದ್ರೆ ಒಣಗಿ ಗಾಳಿಗೆ ಹೋಗ್ತದೆ ಅಂತ ಹೇಳ್ಕಂಡು ತಿರುಗ್ತಾನೆ” ಎಂದಳು ಈರಕ್ಕ. “ಈ ವರ್ಷ ಮೂರು ಮನೆಯೋರು ಮಂದೆ ಬ್ಯಾಡ ಅಂದ್ರು. ನನ್ ಕುರಿ ಮಲಗಿದ ಜಾಗದಾಗೆ ಮಳೆ ಬಿದ್ರೆ ಹುಳ ಬುಗುಬುಗು ಏಳ್ತಾವೆ, ನಾನು ಕಣ್ಣಾರೆ ಕಂಡೀನಿ. ನನ್ ಮಾತು ಯಾರು ಕೇಳ್ತಾರೆ? ನೀವು ಪುಸ್ತಕದಾಗೆ ಬರಕಂಡು ಹೋಗ್ರಿ. ಪುಸ್ತಕದಾಗೆ ಐತೆ ನೋಡ್ರಲೇ ಅಂತೀನಿ.”

ನಾನು ಪಟ್ಟಿಪುಸ್ತಕ ತೆಗೆದೆ. ಮಾಡದಕೆರೆ ಎಂಬ ಹೆಸರಿನ ಮುಂದೆ ನನ್ನ ದುಂಡು ಅಕ್ಷರದಲ್ಲಿ ‘ಇಲ್ಲ’ ಎಂದಿತ್ತು.

“ನಿಮ್ಮೂರಿಂದಲೇ ಇಲ್ಲ ಅಂತ ಬಂದೈತೆ ಕಣಕ್ಕ.”

“ಯಾವ ಕಾಗದ? ಇಸ್ಕೂಲಿಂದಾ? ಆ ದಿನ ನಾನು ಅಲ್ಲೇ ಇದ್ದೆ. ಮೇಷ್ಟ್ರು ನನ್ನ ಕರೆದು ಹುಳ ಅವೇನವ್ವ ಅಂತ ಕೇಳಿದ್ರು. ಅವೆ, ಮಂದೆ ನಿಂತ ಹೊಲದಾಗೆಲ್ಲ ಅವೆ, ಬರಕಳ್ರಿ ಅಂದೆ. ನನ್ ಮುಂದೇ ಬರದ್ರು.”

“ಇಲ್ಲಿ ‘ಇಲ್ಲ’ ಅಂತ ಐತೆ.”

ಆಕೆ ಬಗ್ಗಿ ಪುಸ್ತಕ ನೋಡಿದಳು. ಅಕ್ಷರದ ಮೇಲೆ ಬೆರಳಿಟ್ಟಳು. “ಇದಾ?”

“ಹೂಂ.”

“ಇದು ‘ಇಲ್ಲ’ ಅಂತಲಾ?”

“ಹೂಂ, ಇಲ್ಲ ಅಂತ.”

ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. “ಹಂಗಾರೆ ಮೇಷ್ಟ್ರು ನನ್ ಮಾತು ತಿರುಗಿಸಿ ಬರದವ್ರೆ” ಎಂದಳು. ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

ರಾಯರು ಜ್ವರದ ಕಣ್ಣಿನಿಂದ ನನ್ನನ್ನು ನೋಡಿದರು. “ಒಂದು ಮೈಲಿ ಅಲ್ವಾ? ಹೋಗಿ ನೋಡುವನಾ?”

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಯಾರೂ ನನ್ನಿಂದ ಕೇಳಿಲ್ಲ; ನಾನಾಗಿಯೇ ಇಲ್ಲಿ ಬರೆಯುತ್ತೇನೆ. “ಯಾರೋ ಒಬ್ರು ಬಾಯಲ್ಲಿ ಹೇಳಿದ್ರು ಅಂತ ಹೋಗೋದಾದ್ರೆ ಪಟ್ಟಿ ಯಾಕೆ ಮಾಡಿದ್ದು ಸಾರ್? ಮಳೆ ಬೇರೆ ಬರಂಗೈತೆ. ಹೋಗಾಣ, ಬಸ್ಸು ತಪ್ಪುತ್ತೆ.”

ಬಸ್ಸು ಬಂತು. ಸೈಕಲ್ಲುಗಳನ್ನು ಮೇಲೆ ಕಟ್ಟಿದೆವು. ಈರಕ್ಕ ಕೋಲೂರಿಕೊಂಡು ಶಾಲೆಯ ಕಡೆ ನಡೆದು ಹೋಗುತ್ತಿದ್ದುದು ಕಿಟಕಿಯಿಂದ ಕಂಡಿತು. ಎರಡು ದಿನ ಕಳೆದು ರಾಯರು ರಾಮಗಿರಿಯಲ್ಲಿ ರೈಲು ಹತ್ತಿದರು. ನಕ್ಷೆ, ಪಟ್ಟಿಪುಸ್ತಕ, ಭರಣಿಗಳು ಅವರೊಂದಿಗೆ ಹೋದವು. ಉಳಿದ ಅರ್ಧ ಶೀಸೆ ಫಾರ್ಮಲಿನ್ನೂ ಕಾರ್ಡುಗಳ ಕಟ್ಟೂ ನನ್ನ ಬಳಿ ಉಳಿದವು.

ಚಿತ್ತೆ ಮಳೆಯ ನಡುವೆ ಒಂದು ಬೆಳಿಗ್ಗೆ ಮುದ್ರಣಾಲಯದ ಮುಂದಿನ ರಸ್ತೆ ಕುರಿಗಳಿಂದ ತುಂಬಿಹೋಯಿತು. ಈರಕ್ಕ ತನ್ನವರ ಜೊತೆ ಹಿಂಡು ಹೊಡೆದುಕೊಂಡು ಮೇವಿಗೆ ಪಡುವಲ ಸೀಮೆಗೆ ಹೊರಟಿದ್ದಳು. ವಿಚಾರಿಸಿಕೊಂಡು ನನ್ನಲ್ಲಿಗೇ ಬಂದಿದ್ದಳು. ಸೊಂಟದಿಂದ ಹಳೆಯ ಡಬ್ಬಿಯೊಂದನ್ನು ತೆಗೆದು ನನ್ನ ಮೊಳೆಪೆಟ್ಟಿಗೆಯ ಮೇಲೆ ಬೋರಲು ಹಾಕಿದಳು. ಒದ್ದೆ ಕೆಂಪು ಮಣ್ಣು ಅಕ್ಷರಗಳ ಮೇಲೆ ಬಿತ್ತು. ಮಣ್ಣಿನಲ್ಲಿ ನಾಲ್ಕು ಹುಳು.

“ಇವು ಹುಳ ಅಲ್ದಿದ್ರೆ ಮತ್ತೇನು ಹೇಳು” ಎಂದಳು. “ನೀನು ಓದಿದೋನು. ಏನವು? ಶಾವಿಗೇನಾ?”

ನಾನು ಒಂದನ್ನು ಅಂಗೈಗೆ ತೆಗೆದುಕೊಂಡೆ. ಪಟ್ಟಿ ಇಲ್ಲವೆನ್ನುವಷ್ಟು ತೆಳು. ಬೆನ್ನಿನ ಮೇಲೆ ರಂಧ್ರಗಳಿಲ್ಲ. ಕೊಯ್ದು ನೋಡುವ ಮೊದಲೇ ನನಗೆ ತಿಳಿದಿತ್ತು; ಕೊಯ್ದ ಮೇಲೆ ಮಣಿಸರವೂ ಕಂಡಿತು.

“ಮೇಷ್ಟ್ರನ್ನ ಕೇಳಿದ್ಯೇನಕ್ಕ?”

“ಯಾಕೆ ಕೇಳ್ಲಿ? ಓದಿದೋರು ಓದಿದೋರ ಕಡೀಗೇ. ಅವತ್ತು ಇಸ್ಕೂಲಿನ ಬಾಗ್ಲಾಗೇ ನಿಂತು ಬೈದು ಬಂದೆ, ಅಷ್ಟೆ.” ಆಕೆ ಡಬ್ಬಿ ಒರೆಸಿಕೊಂಡಳು. “ಎರೆ ಇಲ್ಲ ಅಂತ ಬರದಿದ್ರೆ ಒಪ್ಪೋಣ. ನಮ್ಮೂರಾಗೆ ಎರೆ ಎಲ್ಲೈತೆ? ಪೂರಾ ಮಸಾರಿ. ಹುಳ ಇಲ್ಲ ಅಂತ ಯಾಕೆ ಬರದ್ರೋ ಆ ಮನುಷ್ಯ.”

ಆಕೆ ಆ ಮಾತನ್ನು ಸುಮ್ಮನೆ ಹೇಳಿದಳು. ಇಡೀ ನಕ್ಷೆ, ನೀಲಿ, ಬಿಳಿ, ಚೊಕ್ಕ ಗೆರೆ, ಎಲ್ಲ ಒಮ್ಮೆಗೇ ನನ್ನ ಕಣ್ಣೆದುರು ಕಳಚಿ ಬಿತ್ತು. ಈರಕ್ಕನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೊರಗೆ ಕುರಿಗಳು ಬಸ್ಸಿಗೆ ಅಡ್ಡವಾಗಿ ಯಾರೋ ಕೂಗುತ್ತಿದ್ದರು, ಆಕೆ ಹೋದಳು.

ರಾಯರಿಗೆ ಎರಡು ಹುಳು ಕಳುಹಿಸಿದೆ, ಪತ್ರವನ್ನೂ ಬರೆದೆ. ಆದರೆ ಪತ್ರದಲ್ಲಿ ಅರ್ಧವನ್ನೇ ಬರೆದೆ: ಮಾಡದಕೆರೆಯ ಕೆಂಪು ನೆಲದ ಹುಳು ಸಿಕ್ಕಿದೆ ಎಂದು ಮಾತ್ರ. ಪ್ರಶ್ನೆಯೇ ತಪ್ಪಾಗಿತ್ತು, ಪಟ್ಟಿಯ ಯಾವ ‘ಇಲ್ಲ’ವನ್ನೂ ನಂಬಬೇಡಿ ಎಂದು ಬರೆಯಲಿಲ್ಲ. ರಾಯರು ಪ್ರಾಮಾಣಿಕವಾಗಿ ಉತ್ತರಿಸಿದರು: ಹುಳು ಅದೇ ಕುಟುಂಬದ್ದು, ಸಂಶಯವಿಲ್ಲ, ಆದರೆ ಇಷ್ಟು ಕಾರ್ಡುಗಳ ಎದುರು ಡಬ್ಬಿಯಲ್ಲಿ ಬಂದ ಎರಡು ಹುಳುವನ್ನು ಹೇಗೆ ನಿಲ್ಲಿಸಲಿ, ಗೊಬ್ಬರದ ಜೊತೆ ಬೇರೆಡೆಯಿಂದ ಬಂದಿರಲೂಬಹುದು. ಅವರು ತಮ್ಮ ಲೇಖನದಲ್ಲಿ ‘ಬಂದ ಉತ್ತರಗಳ ಪ್ರಕಾರ’ ಎಂಬ ಎಚ್ಚರದ ಮಾತನ್ನು ಸೇರಿಸಿದ್ದರು. ನಕಲು ಮಾಡಿದವರು ಮೊದಲು ಬಿಟ್ಟದ್ದು ಅದನ್ನೇ. ರಾಯರು ಈಗಿಲ್ಲ. ಅವರ ಮೇಲೆ ಈ ತಪ್ಪನ್ನು ಹೊರಿಸುವವರಿಗೆ ನಾನು ಉತ್ತರ ಕೊಡುತ್ತೇನೆ.

ಅಂದು ಕಾರ್ಡುಗಳ ಕಟ್ಟನ್ನು ಬಿಚ್ಚಿ ಮತ್ತೆ ಓದಬೇಕಿತ್ತು. ಬದಲಿಗೆ ಉಳಿದ ಎರಡು ಹುಳುಗಳನ್ನು ಭರಣಿಗೆ ಹಾಕಿ, ಕಟ್ಟಿನ ಪಕ್ಕ ಇಟ್ಟು, ಖಾನೆ ಮುಚ್ಚಿದೆ. ಕಳೆದ ಆಷಾಢದಲ್ಲಿ ನೆಲದ ಮೇಲೆ ಕುಳಿತು ದಾರ ಬಿಚ್ಚಿದವನಿಗೆ ಮಾಡದಕೆರೆಯ ಕಾರ್ಡು ನಡುವಿನಲ್ಲೆಲ್ಲೋ ಸಿಕ್ಕಿತು. ಅದನ್ನು ಓದಿದ ಮೇಲೆ ಉಳಿದವನ್ನು ಓದಲು ಎರಡು ದಿನ ಕೈ ಬರಲಿಲ್ಲ.

ಈ ವರ್ಷ ಹಸ್ತೆ ಮಳೆಯ ಹೊತ್ತಿಗೆ ಮಾಡದಕೆರೆಗೆ ಹೋದೆ. ಈರಕ್ಕ ಇದ್ದಾಳೆ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಜಗುಲಿಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದಳು. ಕೊಟ್ಟಿಗೆಯಲ್ಲಿ ಬೆರಳೆಣಿಕೆಯಷ್ಟು ಕುರಿ. ಮಂದೆ ಹಾಕಿಸುವವರು ಒಬ್ಬೊಬ್ಬರಾಗಿ ನಿಂತ ಮೇಲೆ ಹಿಂಡು ಕರಗಿತು ಎಂದಳು, ನನ್ನನ್ನು ದೂರುವ ದನಿಯಲ್ಲಲ್ಲ.

“ಯಾರು? ಹುಳದ ಪ್ರೆಸ್ಸಿನೋನಾ? ಇನ್ನಾ ಇದ್ದೀಯೇನಪ್ಪ! ಕುಂತ್ಕ.”

ನಾನು ಕುಳಿತು ಕಾರ್ಡು ಓದಿದೆ: “ಎರೆ ಎಂದರೆ ನೆಲವಾದರೆ, ಇಲ್ಲ, ಇದು ಮಸಾರಿ. ಎರೆ ಎಂದರೆ ಹುಳುವಾದರೆ, ಇದೆ. ಕುರಿಮಂದೆ ನಿಂತ ಹೊಲಗಳಲ್ಲಿ ಹೇರಳವಾಗಿದೆ. ಹೇಳಿದವರು, ಕುರಿ ಈರಕ್ಕ.”

ಕದಿರು ನಿಂತಿತು. “ಇನ್ನೊಂದು ಸಲ ಓದು.”

ಓದಿದೆ.

“ಮೇಷ್ಟ್ರು ಬರದಿದ್ರು.”

“ಬರದಿದ್ರು.”

“ನೀನು ಓದಿರ್ಲಿಲ್ಲ.”

“ಓದಿರ್ಲಿಲ್ಲ ಅಕ್ಕ.”

ಆಕೆ ಎದುರಿನ ಓಣಿಯ ಕಡೆ ಮುಖ ಮಾಡಿ ಹೇಳಿದಳು: “ಅಲ್ಲೇ ಅವರ ಮನೆ. ಸಾಯೋ ಮುಂಚೆ ಹೇಳಿ ಕಳಿಸಿದ್ರು, ಒಂದ್ ಸಲ ಬಂದು ಹೋಗವ್ವ ಅಂತ. ನಾನು ಹೋಗ್ಲಿಲ್ಲ.” ಮತ್ತೆ ಕದಿರು ತಿರುಗಿಸತೊಡಗಿದಳು. “ಹುಳ ನೋಡ್ಕಂಡು ಹೋಗ್ತೀಯೇನು? ಹಿಂದ್ಗಡೆ ಹಿತ್ತಲಾಗೇ ಅವೆ. ಆಗ ಒಂದ್ ಮೈಲಿ ದೂರ ಆತು ನಿಂಗೆ.”

ನೋಡಿಕೊಂಡೇ ಬಂದೆ. ಇವೆ.

ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ನಂಬಿಕೆಯಿಂದಲೇ ಇಷ್ಟೆಲ್ಲ ಆದದ್ದು. ಕಾರ್ಡುಗಳ ಕಟ್ಟು, ಭರಣಿ ಎರಡೂ ನನ್ನ ಮನೆಯ ನಡುಮನೆಯ ಕಪಾಟಿನಲ್ಲಿವೆ, ಬಂದವರಿಗೆ ತೋರಿಸುತ್ತೇನೆ. ಚೌಕದಲ್ಲಿ ‘ಇಲ್ಲ’ ಎಂದು ಬರೆದಿರುವ ಕಾರ್ಡುಗಳ ವಿವರವನ್ನು ಓದಿ ನೋಡಿ: ಮಸಾರಿ, ಕೆಂಪು, ಗರಸು, ಮರಳು ಎಂದು ಮಣ್ಣಿನ ಹೆಸರುಗಳೇ ಕಾಣುತ್ತವೆ, ಹುಳುವಿನ ಸುದ್ದಿ ಒಂದರಲ್ಲೇ. ಮಾಡದಕೆರೆಯ ಆ ಕಾರ್ಡಿನಲ್ಲಿ ಮಾಸ್ತರರಿಗೆ ಚೌಕ ಸಾಲದೆ ಬರಹ ಕೆಳಗಿನ ಗೆರೆಗಳಿಗೆ ಇಳಿದಿದೆ. ಚೌಕದೊಳಗೆ ಸಿಕ್ಕಿದ ಒಂದು ‘ಇಲ್ಲ’ದ ಸುತ್ತ ನನ್ನ ಕೆಂಪು ಪೆನ್ಸಿಲಿನ ಸುತ್ತು ಇನ್ನೂ ಮಾಸಿಲ್ಲ. ಕೊನೆಯ ಗೆರೆಯ ಮೇಲೆ ಇನ್ನೊಂದು ಸಾಲಿದೆ. ಈರಕ್ಕನಿಗೆ ನಾನು ಅದನ್ನು ಓದಿ ಹೇಳಲಿಲ್ಲ, ಏಕೆಂದರೆ ಅದು ನನಗೆ ಬರೆದದ್ದು:

“ಪ್ರಶ್ನೆಯಲ್ಲಿ ‘ಹುಳು’ ಎಂಬ ಮಾತು ಬಿಟ್ಟುಹೋದಂತಿದೆ. ದಯವಿಟ್ಟು ತಿದ್ದಿಕೊಳ್ಳುವುದು.”